ಅಡಿಗೋಲು ಮತ್ತು ಸಮರನೌಕೆ

ಹದಿನೇಳನೆಯ ಶತಮಾನದ ಡಚ್ ಬಡಗಿಗಳು ಬೃಹತ್ ಸಮರನೌಕೆಗಳನ್ನು ನಕ್ಷೆಯ ನೆರವಿಲ್ಲದೆಯೇ ಕಟ್ಟುತ್ತಿದ್ದರೆಂಬುದು ಇಂದಿನವರಿಗೆ ಸೋಜಿಗವೆನಿಸಬಹುದು. ಅವರಿಗೆ ಗೊತ್ತುಪಡಿಸಿ ಕೊಡುತ್ತಿದ್ದುದು ಮುಖ್ಯವಾಗಿ ಮೂರು ಅಳತೆಗಳನ್ನು: ಉದ್ದ, ಅಗಲ, ಆಳ. ಮಿಕ್ಕದ್ದು ಅನುಪಾತದ ಲೆಕ್ಕ ಮತ್ತು ಕೈಯ ಅನುಭವ. ನಿಕೊಲಾಸ್ ವಿಟ್ಸನ್ 1671ರಲ್ಲಿ ಪ್ರಕಟಿಸಿದ ನೌಕಾನಿರ್ಮಾಣ ಗ್ರಂಥದಲ್ಲಿ ಉದಾಹರಣೆಗೆಂದು ಆಯ್ದ ಹಡಗು 134 ಅಡಿ ಉದ್ದ, 29 ಅಡಿ ಅಗಲ, 13 ಅಡಿ ಆಳದ್ದು. ಉದ್ದದ ಪ್ರತಿ 10 ಅಡಿಗೆ 1 ಅಂಗುಲದಂತೆ ಮುಂಗಂಬದ ದಪ್ಪ. ಅದನ್ನನುಸರಿಸಿ ಉಳಿದ ಮರಗಳ ದಪ್ಪ.

ಆದರೆ ಅಡಿಯೆಂದರೆ ಯಾವ ಊರಿನ ಅಡಿ? ಆಮ್‌ಸ್ಟರ್‌ಡ್ಯಾಮಿನ ಅಡಿಗೆ 11 ಅಂಗುಲ, ಸುಮಾರು 28.3 ಸೆಂಟಿಮೀಟರ್. ರೈನ್‌ಲ್ಯಾಂಡಿನ ಅಡಿಗೆ 12 ಅಂಗುಲ, ಸುಮಾರು 31.4 ಸೆಂಟಿಮೀಟರ್. ಆಮ್‌ಸ್ಟರ್‌ಡ್ಯಾಮಿನ 134 ಅಡಿಯ ಹಡಗನ್ನು ರೈನ್‌ಲ್ಯಾಂಡಿನ ಕೋಲಿನಿಂದ ಅಳೆದು ಕಟ್ಟಿದರೆ ಅದು 4 ಮೀಟರಿನಷ್ಟು ಬೆಳೆದುಬಿಡುತ್ತದೆ!

ಇದು ಬರಿಯ ಊಹೆಯಲ್ಲ. ಡಚ್ ಕುಶಲಿಯೊಬ್ಬನ ಮುಂದಾಳುತನದಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ 'ವಾಸಾ' ಸಮರನೌಕೆ 1628ರ ಆಗಸ್ಟ್ 10ರಂದು ಮೊದಲ ಯಾನದಲ್ಲಿಯೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿ, ಹಲವರು ಪ್ರಾಣ ತೆತ್ತರು. 1961ರಲ್ಲಿ ಮೇಲೆತ್ತಿದ ಆ ನೌಕೆಯಲ್ಲಿ ದೊರೆತ ಅಳತೆಗೋಲುಗಳಲ್ಲಿ ಕೆಲವು ಸ್ವೀಡನ್ನಿನ 12 ಅಂಗುಲದ ಅಡಿಯವು, ಕೆಲವು ಆಮ್‌ಸ್ಟರ್‌ಡ್ಯಾಮಿನ 11 ಅಂಗುಲದವು. ನೌಕೆಯ ಎಡಬಲಗಳೂ ಸಮವಾಗಿಲ್ಲ. ಮುಳುಗಲು ಮುಖ್ಯ ಕಾರಣ ಮೇಲ್ಭಾರವೇ ಆದರೂ, ಎರಡು ಬಗೆಯ ಕೋಲುಗಳಿಂದ ಒಂದು ಹಡಗನ್ನು ಕಟ್ಟಿದರೆ ಏನಾದೀತೆಂಬುದಕ್ಕೆ ಅದು ಸಾಕ್ಷಿಯಾಗಿ ನಿಂತಿದೆ.

ಡಚ್ ಗಣರಾಜ್ಯದಲ್ಲಿ ನೌಕಾಡಳಿತ ಮಂಡಲಿಗಳು ಒಂದಲ್ಲ, ಐದು. 1652ರಲ್ಲಿ ಇಂಗ್ಲೆಂಡಿನೊಡನೆ ಯುದ್ಧ ಹೊತ್ತಿಕೊಂಡಾಗ ಬಾಡಿಗೆಯ ವರ್ತಕ ನೌಕೆಗಳು ಇಂಗ್ಲಿಷರ ದೊಡ್ಡ ಫಿರಂಗಿಗಳೆದುರು ತಾಳಲಾರದಾದವು. 1653ರಲ್ಲಿ ನೌಕಾಧಿಪತಿ ಟ್ರಾಂಪ್ ಸ್ಖೇವೆನಿಂಗನ್ ಕದನದಲ್ಲಿ ಮಡಿದನು. ಅದೇ ವರ್ಷ ಗಣರಾಜ್ಯದ ಮಹಾಸಭೆಯು 30ರಂತೆ ಎರಡು ಕಂತುಗಳಲ್ಲಿ 60 ಹೊಸ ಸಮರನೌಕೆಗಳಿಗೆ ಒಪ್ಪಿಗೆಯಿತ್ತು, ಅವುಗಳ ಅಳತೆಗಳನ್ನೂ ಗೊತ್ತುಮಾಡಿ ಮಂಡಲಿಗಳಿಗೆ ಹಂಚಿತು. ಅಳತೆ ಮೊದಲೇ ತಿಳಿದಿದ್ದರೆ ಮರ, ಕೂವೆ, ಫಿರಂಗಿ, ವೆಚ್ಚಗಳನ್ನು ಮುಂಚಿತವಾಗಿಯೇ ಲೆಕ್ಕಹಾಕಬಹುದು. ಆಳಕ್ಕೆ ಮಾತ್ರ ಕಡಲೇ ಮಿತಿ ಹಾಕಿತ್ತು. ಡಚ್ ತೀರದ ನೀರು ಆಳವಿಲ್ಲದ್ದು.

ಆದರೂ ಒಂದೇ ಅಳತೆಯ ಎರಡು ಹಡಗುಗಳು ಅವಳಿಗಳಾಗುತ್ತಿರಲಿಲ್ಲ. ಒಡಲಿನ ಬಾಗು ಬಡಗಿಯ ಕಣ್ಣಳತೆಗೆ ಸೇರಿದ್ದು. ಆಮ್‌ಸ್ಟರ್‌ಡ್ಯಾಮಿನ ಮಂಡಲಿಯು 1727ರಲ್ಲಿ ಇಂಗ್ಲಿಷ್ ಶಿಲ್ಪಿಗಳನ್ನು ನೇಮಿಸಿಕೊಂಡ ಬಳಿಕ ಅಲ್ಲಿ ನಕ್ಷೆಯ ಪದ್ಧತಿ ಬೇರೂರಿತು. ಅದಕ್ಕೆ ಮುನ್ನ ಐದು ಮಂಡಲಿಗಳನ್ನು ಒಂದು ಪಡೆಯಾಗಿ ಬೆಸೆದ ಸಾಧನಗಳಲ್ಲಿ ಒಪ್ಪಿತವಾದ ಮೂರು ಅಂಕಿಗಳೂ ಸೇರಿದ್ದವು.