ಬಿಟ್ಟ ಮರಿಯೋ, ಇಟ್ಟ ಮರಿಯೋ?

ಬೇಸಗೆಯ ರಜೆಯಲ್ಲಿ ನನ್ನ ಮನೆಯ ಬಾಗಿಲು ತಟ್ಟುವ ಹುಡುಗರ ಕೈಯಲ್ಲಿ ಪುಸ್ತಕವಿರುವುದಿಲ್ಲ, ರಟ್ಟಿನ ಪೆಟ್ಟಿಗೆಯಿರುತ್ತದೆ. ಅದರೊಳಗೆ ಒಮ್ಮೆ ಗೂಡಿನಿಂದ ಬಿದ್ದ ಗೊರವಂಕದ ಮರಿ, ಒಮ್ಮೆ ಬಿಸಿಲಿಗೆ ಬವಳಿ ಬಂದು ಬಿದ್ದ ಹದ್ದು, ಒಮ್ಮೆ ಬೆಕ್ಕಿನ ಬಾಯಿಂದ ಬಿಡಿಸಿ ತಂದ ಅಳಿಲು. “ಸರ್, ಇದಕ್ಕ ಏನು ತಿನ್ನಿಸಬೇಕ್ರಿ?” ಎಂಬುದೇ ಅವರ ಮೊದಲ ಪ್ರಶ್ನೆ. ಮಕ್ಕಳ ಕರುಣೆ ದೊಡ್ಡದು. ಅದನ್ನು ಕಂಡು ಸಂತೋಷಪಡದ ಉಪಾಧ್ಯಾಯನಿಲ್ಲ. ಆದರೆ ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ. ಇದನ್ನು ನಾನು ಕಲಿತುದು ಒಂದು ಜೀವವನ್ನು ಕಳೆದ ಮೇಲೆ.

ಸುಮಾರು 25 ವರ್ಷಗಳ ಹಿಂದಿನ ಮಾತು. ಮಸ್ಕಿಯ ಕಡೆಯ ಒಂದು ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿಗಳು ಒಂದು ಮುಂಜಾನೆ ಚಿಗರಿಯ ಮರಿಯೊಂದನ್ನು ಟವೆಲಿನಲ್ಲಿ ಸುತ್ತಿ ತಂದರು. ಹೊಲದ ಬದುವಿನ ಹುಲ್ಲಿನಲ್ಲಿ ಒಂಟಿಯಾಗಿ ಮಲಗಿತ್ತಂತೆ. ಹತ್ತಿರ ಹೋದರೂ ಏಳಲಿಲ್ಲವಂತೆ. ತಾಯಿ ಬಿಟ್ಟು ಹೋಗಿರಬೇಕು ಎಂಬುದು ಅವರ ತೀರ್ಮಾನ. ನನಗೂ ಅದು ಸರಿಯೆಂದೇ ತೋರಿತು. ಮನೆಗೆ ಒಯ್ದು ಸೀಸೆಯಲ್ಲಿ ಆಕಳ ಹಾಲು ಕುಡಿಸಿದೆ. ಓಣಿಯ ಮಕ್ಕಳೆಲ್ಲ ಬಂದು ಮೈ ಸವರಿದರು. ಎರಡನೆಯ ದಿನ ಅದಕ್ಕೆ ಹೊಟ್ಟೆ ಕಟ್ಟಲಿಲ್ಲ. ಮೂರನೆಯ ದಿನ ನಸುಕಿನಲ್ಲಿ ಸತ್ತುಹೋಯಿತು.

ಆ ವಾರದಲ್ಲೇ ಆ ಊರಿನ ಮುದುಕನೊಬ್ಬ ಸಂತೆಯಲ್ಲಿ ಸಿಕ್ಕ. ಜೀವಮಾನವನ್ನೆಲ್ಲ ಕುರಿ ಕಾಯುವುದರಲ್ಲಿ ಕಳೆದವನು. ನಡೆದುದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಸ್ತರ್ರ, ಅದರ ತಾಯಿ ಎಲ್ಲಿ ನಿಂತಿತ್ತು ನೋಡಿದ್ರೇನ್ರಿ?” ಎಂದು ಕೇಳಿದ. ನೋಡಿರಲಿಲ್ಲ, ನೋಡಬೇಕೆಂದು ಹೊಳೆದೂ ಇರಲಿಲ್ಲ. “ಚಿಗರಿ ಮರೀನ ಬಿಟ್ಟು ಹೋಗಂಗಿಲ್ರಿ, ಇಟ್ಟು ಹೋಗ್ತದ” ಎಂದ.

ಕನ್ನಡ ಪಂಡಿತನಾದ ನಾನು ವ್ಯಾಕರಣದ ಪಾಠವನ್ನು ಅಂದು ಕುರಿಗಾಹಿಯಿಂದ ಕಲಿತೆ. ‘ಬಿಟ್ಟು’ ಎಂಬುದಕ್ಕೂ ‘ಇಟ್ಟು’ ಎಂಬುದಕ್ಕೂ ಒಂದೇ ಅಕ್ಷರದ ಅಂತರ. ಆ ಅಂತರದಲ್ಲಿ ಒಂದು ಪ್ರಾಣವಿತ್ತು.

ಚಿಗರಿಯ ಮರಿಗೆ ಹುಟ್ಟಿದ ಮೊದಲ ಕೆಲವು ದಿನ ತಾಯಿಯೊಡನೆ ಓಡುವ ಶಕ್ತಿಯಿರುವುದಿಲ್ಲ. ಓಡಲಾರದ ಜೀವಕ್ಕೆ ಅಡಗುವುದೇ ರಕ್ಷಣೆ. ಅದು ಹುಲ್ಲಿನಲ್ಲಿ ಕತ್ತು ನೆಲಕ್ಕೆ ಚಾಚಿ, ಮಿಸುಕದೆ ಮಲಗುತ್ತದೆ. ತಾಯಿ ಬೇಕೆಂದೇ ದೂರ ಮೇಯುತ್ತದೆ. ಹತ್ತಿರವೇ ನಿಂತರೆ ನಾಯಿಗೂ ತೋಳಕ್ಕೂ ಮರಿಯ ಠಾವು ತಾನೇ ತೋರಿಸಿಕೊಟ್ಟಂತಾದೀತು. ಸಮಯ ನೋಡಿ ಬಂದು ಹಾಲೂಡಿಸಿ ಮತ್ತೆ ಸರಿದು ನಿಲ್ಲುತ್ತದೆ. ನಾವು ಹತ್ತಿರ ಹೋದಾಗ ಮರಿ ಏಳದಿರುವುದು ನಿಶ್ಶಕ್ತಿಯಿಂದಲ್ಲ, ತನ್ನ ಧರ್ಮವನ್ನು ಪಾಲಿಸುವುದರಿಂದ. ಮೊಲವೂ ಹೀಗೆಯೇ ಮರಿಯನ್ನು ಪೊದೆಯ ಮರೆಯಲ್ಲಿ ಇಟ್ಟು ಹೋಗುತ್ತದೆ. ಕಬ್ಬು, ಭತ್ತ ಕೊಯ್ಯುವಾಗ ಸಿಕ್ಕುವ ಕಾಡುಬೆಕ್ಕಿನ ಮರಿಗಳನ್ನು ಚಿರತೆಯ ಮರಿಗಳೆಂದು ಗಾಬರಿಪಟ್ಟು ಊರಿಗೆ ತರುವುದುಂಟು. ಅವನ್ನು ಅಲ್ಲಿಯೇ ಬಿಟ್ಟು, ಜನವೂ ನಾಯಿಗಳೂ ದೂರ ಸರಿದರೆ ಕತ್ತಲಾದ ಮೇಲೆ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುವ ಸಂಭವವೇ ಹೆಚ್ಚು.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ‘ತಬ್ಬಲಿ’ ಎಂದೊಡನೆ ಕರುಳು ಚುರುಕ್ಕೆನ್ನುತ್ತದೆ. ಆದರೆ ಆ ಕಥೆಯ ತಾಯಿಯೂ ದೊಡ್ಡಿಗೆ ಬಂದೇ ಬಂದಳು ಎಂಬುದನ್ನು ಮರೆತುಬಿಡುತ್ತೇವೆ.

ಹಕ್ಕಿಗಳ ವಿಷಯವನ್ನು ನೋಡೋಣ. ನೆಲದ ಮೇಲೆ ಸಿಕ್ಕ ಮರಿಗೆ ಪುಕ್ಕ ಬಂದಿದೆಯೇ ಎಂದು ಮೊದಲು ಗಮನಿಸಬೇಕು. ಮೈತುಂಬ ಪುಕ್ಕ ಬಂದು, ಬಾಲ ಮಾತ್ರ ಮೋಟಾಗಿ, ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ತಂದೆತಾಯಿಗಳು ಹತ್ತಿರದ ಕೊಂಬೆಯಲ್ಲೇ ಇರುತ್ತವೆ; ನೆಲದ ಮೇಲೆಯೇ ಅದಕ್ಕೆ ಗುಟುಕು ಕೊಡುತ್ತವೆ. ಬೆಕ್ಕು, ನಾಯಿಗಳ ಭಯವಿದ್ದರೆ ಎತ್ತಿ ಪಕ್ಕದ ಪೊದೆಯಲ್ಲೋ ಗಿಡದ ಮೇಲೋ ಕೂರಿಸಿದರೆ ಸಾಕು. ಇನ್ನೂ ಪುಕ್ಕ ಮೂಡದ ಬೆತ್ತಲೆ ಮರಿಯಾದರೆ ಗೂಡನ್ನು ಹುಡುಕಿ ಅದರಲ್ಲೇ ಇಡಬೇಕು. ಗೂಡು ಹರಿದುಹೋಗಿದ್ದರೆ ಸಣ್ಣ ಬುಟ್ಟಿಯಲ್ಲಿ ಒಣಹುಲ್ಲು ಹಾಸಿ, ಅದೇ ಮರಕ್ಕೆ ನೆರಳಿರುವ ಕಡೆ ಕಟ್ಟಬಹುದು. ‘ಮನುಷ್ಯ ಮುಟ್ಟಿದ ಮರಿಯನ್ನು ತಾಯಿಹಕ್ಕಿ ಸೇರಿಸುವುದಿಲ್ಲ’ ಎಂಬ ಮಾತು ನಮ್ಮಲ್ಲಿ ಎಲ್ಲೆಡೆ ಬಳಕೆಯಲ್ಲಿದೆ. ಅದು ನಿಜವಲ್ಲ. ಕೈಸೋಕಿತೆಂದು ತಾಯಿಹಕ್ಕಿ ತನ್ನ ಮರಿಯನ್ನು ತೊರೆಯುವುದಿಲ್ಲ.

ಇನ್ನು ನಿಜವಾಗಿ ಗಾಯಗೊಂಡ ಪ್ರಾಣಿ. ರೆಕ್ಕೆ ಜೋತುಬಿದ್ದಿದೆ, ರಕ್ತ ಬರುತ್ತಿದೆ, ಗಾಳಿಪಟದ ಮಾಂಜಾ ಸುತ್ತಿಕೊಂಡಿದೆ, ಬೆಕ್ಕು ಕಚ್ಚಿದೆ, ಇಲ್ಲವೆ ತಾಯಿ ಸತ್ತುದನ್ನು ಕಣ್ಣಾರೆ ಕಂಡಿದ್ದೇವೆ. ಆಗ ನಾವು ಮಾಡಬಹುದಾದ ಉಪಕಾರ ಮೂರೇ: ಬೆಚ್ಚಗಿಡುವುದು, ಕತ್ತಲಲ್ಲಿಡುವುದು, ಸದ್ದಿಲ್ಲದೆ ಇಡುವುದು. ರಟ್ಟಿನ ಪೆಟ್ಟಿಗೆಗೆ ಗಾಳಿಗಾಗಿ ತೂತು ಮಾಡಿ, ತಳಕ್ಕೆ ಹಳೆಯ ಬಟ್ಟೆ ಹಾಸಿ, ಮುಚ್ಚಿ, ಮನೆಯ ಮೂಲೆಯಲ್ಲಿಡಬೇಕು. ಮತ್ತೆ ಮತ್ತೆ ತೆರೆದು ನೋಡಬಾರದು. ಕಾಡುಪ್ರಾಣಿಗೆ ನಮ್ಮ ಪ್ರೀತಿಯ ಮುಖವೂ ಹುಲಿಯ ಮುಖವೇ. ಬಿಸಿಲಿಗೆ ಬಿದ್ದ ಹಕ್ಕಿಗೆ ಮಾತ್ರ ಬೆಚ್ಚನೆಯ ಉಪಚಾರ ಬೇಡ. ಅದನ್ನು ತಂಪಾದ, ಗಾಳಿಯಾಡುವ ನೆರಳಿನಲ್ಲಿಟ್ಟು ಮುಂದೆ ಅಗಲವಾದ ಬಟ್ಟಲಲ್ಲಿ ನೀರಿಡಬೇಕು. ಚೇತರಿಸಿಕೊಂಡರೆ ತಾನೇ ಕುಡಿಯುತ್ತದೆ.

ಕೊಕ್ಕನ್ನು ತೆರೆದು ನೀರು ಹೊಯ್ಯುವುದೇ ನಮ್ಮವರು ಮಾಡುವ ಸಾಮಾನ್ಯ ತಪ್ಪು. ಹಕ್ಕಿಗಳಲ್ಲಿ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇರುತ್ತದೆ. ಹೊಯ್ದ ನೀರು ನೇರವಾಗಿ ಶ್ವಾಸಕೋಶಕ್ಕೆ ಇಳಿದು, ಬಾಯಾರಿಕೆ ತೀರುವ ಬದಲು ಉಸಿರೇ ಕಟ್ಟುತ್ತದೆ. ಎರಡನೆಯ ತಪ್ಪು ಹಾಲು. ಹಕ್ಕಿಗಳಿಗೆ ಹಾಲು ಪ್ರಕೃತಿ ಕೊಟ್ಟ ಆಹಾರವಲ್ಲ, ಅದನ್ನು ಅರಗಿಸುವ ಶಕ್ತಿಯೂ ಅವಕ್ಕಿಲ್ಲ. ಹಾಲುಣ್ಣುವ ಪ್ರಾಣಿಗಳಲ್ಲಿಯೂ ಒಂದರ ಹಾಲು ಇನ್ನೊಂದಕ್ಕೆ ಒಗ್ಗುವುದಿಲ್ಲ. ಅಳಿಲಿಗೂ ಚಿಗರಿಗೂ ಆಕಳ ಹಾಲು ಹೊಟ್ಟೆ ಕೆಡಿಸುತ್ತದೆ. ಪುಟ್ಟ ಮರಿಗೆ ಆ ಭೇದಿಯೇ ಮೃತ್ಯು. ತಣ್ಣಗಾದ ಮರಿಗೆ ಏನನ್ನು ತಿನ್ನಿಸಿದರೂ ಜೀರ್ಣವಾಗದು. ಆದುದರಿಂದ ತಿಳಿದವರ ಕೈಗೆ ಸೇರುವವರೆಗೆ ಏನನ್ನೂ ಕೊಡದಿರುವುದೇ ಲೇಸು.

ಭಯವೂ ಕೊಲ್ಲುತ್ತದೆ ಎಂಬುದನ್ನು ಬಹಳ ಮಂದಿ ಅರಿಯರು. ಜಿಂಕೆ, ಚಿಗರಿಗಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿದರೆ ಅವುಗಳ ಸ್ನಾಯುಗಳು ಒಳಗೊಳಗೇ ಕೆಟ್ಟು, ಆ ವಿಷ ರಕ್ತಕ್ಕೆ ಸೇರಿ, ಹಿಡಿದ ಕೆಲವು ಗಂಟೆಗೋ ಕೆಲವು ದಿನಕ್ಕೋ ಸಾವು ಬರುತ್ತದೆ. ಮೇಲೆ ಒಂದು ಗೀರೂ ಇರುವುದಿಲ್ಲ. ಕಾಲುವೆಗೆ ಬಿದ್ದ ಚಿಗರಿಯನ್ನು ಮೇಲೆತ್ತಿದ ಮೇಲೆ ಸುತ್ತ ನೆರೆದು ಚಿತ್ರ ತೆಗೆಯುವ ಗುಂಪು ಇದನ್ನು ನೆನಪಿಡಬೇಕು. ಕಣ್ಣಿಗೆ ತೆಳುವಾದ ಬಟ್ಟೆ ಮುಚ್ಚಿ, ಗುಂಪನ್ನು ಚದರಿಸುವುದೇ ಅಲ್ಲಿಯ ಮೊದಲ ಚಿಕಿತ್ಸೆ.

ನಮ್ಮ ಮೈಯನ್ನೂ ಕಾಯ್ದುಕೊಳ್ಳಬೇಕಷ್ಟೆ. ಮಂಗ, ಮುಂಗುಸಿ, ನರಿ, ಬಾವಲಿಗಳನ್ನು ಬರಿಗೈಯಿಂದ ಮುಟ್ಟಬಾರದು. ಕಚ್ಚಿದರೆ ಇಲ್ಲವೆ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ದವಾಖಾನೆಗೆ ಹೋಗಬೇಕು. ಹುಚ್ಚುನಾಯಿಯ ರೋಗ ನಾಯಿಯಿಂದ ಮಾತ್ರ ಬರುವುದಲ್ಲ. ಹಾವಿನ ತಂಟೆಗಂತೂ ಹೋಗಲೇಬಾರದು.

ಕಾನೂನಿನ ಮಾತೂ ಒಂದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಚಿಗರಿಯನ್ನಾಗಲಿ ನಮ್ಮ ನಾಡಿನ ಗಿಳಿಯನ್ನಾಗಲಿ ಮನೆಯಲ್ಲಿ ಸಾಕುವುದು ಅಪರಾಧ. ಕೈಗೆ ಸಿಕ್ಕ ವನ್ಯಪ್ರಾಣಿಯ ವಿಷಯವನ್ನು 48 ಗಂಟೆಯೊಳಗೆ ಪೋಲೀಸ್ ಠಾಣೆಗೋ ಅಧಿಕಾರವುಳ್ಳ ಅರಣ್ಯಾಧಿಕಾರಿಗೋ ತಿಳಿಸಬೇಕು. ಅರಣ್ಯ ಇಲಾಖೆಯ ಸಹಾಯವಾಣಿಯ ಸಂಖ್ಯೆ 1926. ಚಿಗರಿಯ ಮರಿಯನ್ನು ಮೂರು ದಿನ ಇಟ್ಟುಕೊಂಡಿದ್ದ ನಾನು ಈ ಕಾಯಿದೆಯ ಅರಿವಿಲ್ಲದೆಯೇ ಅದನ್ನು ಮುರಿದಿದ್ದೆ.

ಹಾಗಾದರೆ ನಿಜವಾಗಿಯೇ ತಬ್ಬಲಿಯಾದ ಮರಿಗಳ ಗತಿಯೇನು? ಅದಕ್ಕೆ ನಮ್ಮ ನಾಡಿನಲ್ಲೇ ಒಳ್ಳೆಯ ಮಾದರಿಯಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಯ ಬಳಿ, ಕೊಕ್ಕರೆ ಬೆಳ್ಳೂರು ಎಂಬ ಹಳ್ಳಿಯಿದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆಯ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಭಾವಿಸುತ್ತಾರೆ. ಗೂಡುಗಳ ಇಕ್ಕಟ್ಟಿನಲ್ಲಿ, ಗಾಳಿಯ ಹೊಡೆತಕ್ಕೆ, ಹೆಜ್ಜಾರ್ಲೆಯ ಮರಿಗಳು ಕೆಳಗೆ ಬೀಳುವುದುಂಟು. ಗೊರವಂಕದಂತಲ್ಲದೆ ಹೆಜ್ಜಾರ್ಲೆ ನೆಲಕ್ಕೆ ಬಿದ್ದ ಮರಿಗೆ ಇಳಿದು ಬಂದು ಉಣಿಸುವುದಿಲ್ಲ. ಇವು ಇಟ್ಟ ಮರಿಗಳಲ್ಲ, ನಿಜವಾಗಿಯೂ ಬಿಟ್ಟುಹೋದ ಮರಿಗಳು. 1990ರ ದಶಕದಲ್ಲಿ ಮೈಸೂರಿನ ನಿಸರ್ಗಪ್ರಿಯರ ಪ್ರೇರಣೆಯಿಂದ ಊರಿನ ತರುಣರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಬಿದ್ದ ಮರಿಗಳನ್ನು ಬೇಲಿ ಹಾಕಿದ ಆವರಣದಲ್ಲಿಟ್ಟು, ಮೀನು ತಂದು ಉಣಿಸಿ, ರೆಕ್ಕೆ ಬಲಿತು ಹಾರಿಹೋಗುವವರೆಗೆ ಕಾಯ್ದರು. 2007ರಲ್ಲಿ ಸರಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಆ ಮರಿಗಳು ಆವರಣದಲ್ಲಿ ಒಂಟಿಯಾಗಿರಲಿಲ್ಲ. ತಮ್ಮ ಜಾತಿಯವರ ಜೊತೆಗಿದ್ದು, ತಮ್ಮವರ ದನಿಯನ್ನೇ ಕೇಳುತ್ತ ಬೆಳೆದವು. ಇದು ಸಣ್ಣ ಸಂಗತಿಯಲ್ಲ. ಆಸ್ಟ್ರಿಯಾ ದೇಶದ ವಿಜ್ಞಾನಿ ಕೊನ್ರಾಡ್ ಲೊರೆಂಜ್, ಬಾತಿನ ಜಾತಿಯ ಮರಿಗಳು ಮೊಟ್ಟೆಯಿಂದ ಹೊರಬಂದೊಡನೆ ಕಂಡ ಚಲಿಸುವ ಜೀವವನ್ನೇ ತಾಯಿಯೆಂದು ಹಿಂಬಾಲಿಸುವುದನ್ನು ವಿವರಿಸಿ ತೋರಿಸಿದ. ಅವನನ್ನೇ ಮೊದಲು ಕಂಡ ಮರಿಗಳು ಅವನ ಹಿಂದೆಯೇ ನಡೆದವು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು. ನಮ್ಮ ಕೈಯಲ್ಲಿ ಒಂಟಿಯಾಗಿ ಬೆಳೆದು, ನಮ್ಮನ್ನೇ ಬಂಧುವೆಂದು ನಂಬಿದ ಮರಿ ಬೆಳೆದ ಮೇಲೆ ಕಾಡಿಗೂ ಸಲ್ಲದು, ಊರಿಗೂ ಸಲ್ಲದು. ನಾಯಿಗೆ ಹೆದರದ ಚಿಗರಿ ಎಷ್ಟು ದಿನ ಬದುಕೀತು? ಆದುದರಿಂದಲೇ ಬೆಂಗಳೂರಿನ ಕೆಂಗೇರಿಯ ಬಳಿ ‘ಪೀಪಲ್ ಫಾರ್ ಅನಿಮಲ್ಸ್’ ಸಂಸ್ಥೆ ನಡೆಸುವ ವನ್ಯಜೀವಿ ಆಸ್ಪತ್ರೆಯಂತಹ ಕಡೆಗಳಲ್ಲಿ ಗುಣಪಡಿಸುವುದು ಅರ್ಧ ಕೆಲಸ, ಮರಳಿ ಬಿಡುವುದು ಉಳಿದರ್ಧ. ತಾನೇ ಆಹಾರ ಹುಡುಕಬಲ್ಲ, ಓಡಬಲ್ಲ, ಹಾರಬಲ್ಲ, ಮನುಷ್ಯನಿಗೆ ಹೆದರಬಲ್ಲ ಪ್ರಾಣಿಯೇ ಗುಣವಾದ ಪ್ರಾಣಿ. ಅದಕ್ಕಾಗಿಯೇ ಪ್ರಾಣಿ ಸಿಕ್ಕ ಜಾಗವನ್ನು ಸರಿಯಾಗಿ ಬರೆದಿಟ್ಟುಕೊಳ್ಳಬೇಕು. ಮರಳಿ ಬಿಡಬೇಕಾದುದು ಸಾಧ್ಯವಾದಷ್ಟು ಅಲ್ಲಿಯೇ.

ಪ್ರಾಣಿಚಿಕಿತ್ಸೆಯ ಚಿಂತೆ ನಮ್ಮ ಸೀಮೆಗೆ ಹೊಸದಲ್ಲ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತ ಪತ್ತೆಹಚ್ಚಿದ. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಅದರಲ್ಲಿ ಪ್ರಾಣಿಗಳ ಮಾತಿಲ್ಲ. ಆದರೆ ತುಂಗಭದ್ರೆಯಾಚೆ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಅದೇ ದೊರೆಯ ಬಂಡೆಶಾಸನಗಳಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ ಸಂಗತಿಯಿದೆ. ಉತ್ತರದ ಸ್ತಂಭಶಾಸನವೊಂದರಲ್ಲಿ, ಪಟ್ಟಾಭಿಷೇಕವಾದ 26ನೆಯ ವರ್ಷದಲ್ಲಿ, ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನು ಅವನು ಹೊರಡಿಸಿದ್ದಾನೆ. ಗಿಳಿ ಗೊರವಂಕಗಳು ಅದರ ಮೊದಲಲ್ಲೇ ಬರುತ್ತವೆ. ಮಸ್ಕಿಯ ಶಾಸನದ ಸಾರವಾದರೋ, ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಾಮಾನ್ಯನಿಗೂ ಲಭ್ಯ ಎಂಬುದು.

ಸಾಮಾನ್ಯರಾದ ನಾವು ನಾಳೆಯೇ ಆಸ್ಪತ್ರೆ ಕಟ್ಟಲಾರೆವು. ಆದರೆ ಪ್ರತಿಯೊಂದು ಶಾಲೆಯಲ್ಲೂ ತೂತು ಕೊರೆದ ಒಂದು ಪೆಟ್ಟಿಗೆ, ಒಂದು ಹಳೆಯ ಬಟ್ಟೆ, ಗೋಡೆಯ ಮೇಲೆ ಅರಣ್ಯ ಇಲಾಖೆಯ ಮತ್ತು ದನದ ದವಾಖಾನೆಯ ದೂರವಾಣಿ ಸಂಖ್ಯೆ ಇರಬಹುದು. ಪ್ರತಿಯೊಂದು ಮನೆಯ ಮಾಳಿಗೆಯ ಮೇಲೆ ಬೇಸಗೆಯಲ್ಲಿ ಒಂದು ಮಣ್ಣಿನ ಬಟ್ಟಲು ಇರಬಹುದು. ಅದರ ನೀರನ್ನು ದಿನವೂ ಚೆಲ್ಲಿ, ತೊಳೆದು, ಹೊಸ ನೀರು ತುಂಬಬೇಕು.

ಈಗ ಹುಡುಗರು ಪೆಟ್ಟಿಗೆ ಹಿಡಿದು ಬಂದರೆ ನಾನು ಮುಚ್ಚಳ ತೆಗೆಯುವ ಮೊದಲು ಕೇಳುವುದು ಒಂದೇ ಮಾತು: “ಅದರ ತಾಯಿ ಎಲ್ಲಿತ್ತು, ನೋಡಿದಿರೇನು?” ಹಲವು ಸಲ ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಆಗ ನಾನು ಚಪ್ಪಲಿ ಮೆಟ್ಟಿಕೊಂಡು ಅವರೊಡನೆ ಹೊರಡುತ್ತೇನೆ. ತಂದಲ್ಲೇ ಇಟ್ಟು, ದೂರದ ಬೇವಿನ ನೆರಳಿನಲ್ಲಿ ಕೂತು ಕಾಯುತ್ತೇವೆ. ತಾಯಿ ಬಾರದಿದ್ದರೆ ಮುಂದಿನ ದಾರಿ ಗೊತ್ತಿದೆ. ಬಂದರೆ, ಖಾಲಿ ಪೆಟ್ಟಿಗೆ ಹಿಡಿದು ಮನೆಗೆ ಬರುತ್ತೇವೆ.