ಯಂತ್ರಭಾಗಗಳ ಚಲನೆ ಅಳೆಯುವ ಕಾಂತೀಯ ಸಂವೇದಕಗಳು

ಮೋಟಾರು ತಿರುಗುತ್ತಿದ್ದ ಮಾತ್ರಕ್ಕೆ ಅದಕ್ಕೆ ಜೋಡಿಸಿದ ಭಾಗವೂ ನಿಗದಿತ ವೇಗದಲ್ಲಿ ಚಲಿಸುತ್ತಿದೆಯೆಂದು ಭಾವಿಸುವಂತಿಲ್ಲ. ಬೆಲ್ಟು ಜಾರಿದರೆ ಅಕ್ಕಿ ಗಿರಣಿಯ ಎಲಿವೇಟರಿನಲ್ಲಿ ಧಾನ್ಯ ಕಟ್ಟಿಕೊಳ್ಳುತ್ತದೆ; ಲೇತಿನ ಸ್ಲೈಡು ಅಳತೆ ತಪ್ಪಿದರೆ ತಯಾರಾದ ಬಿಡಿಭಾಗಗಳು ಗ್ರಾಹಕರಿಂದ ಹಿಂದಿರುಗುತ್ತವೆ. ತುಮಕೂರಿನ ಅಂತರಸನಹಳ್ಳಿ ಹಾಗೂ ವಸಂತನರಸಾಪುರ, ಕುಣಿಗಲ್ ತಾಲ್ಲೂಕಿನ ಅಂಚೇಪಾಳ್ಯ ಮೊದಲಾದ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳು ಇಂತಹ ನಷ್ಟವನ್ನು ತಡೆಯಲು ಮ್ಯಾಗ್ನೆಟಿಕ್ ಸೆನ್ಸರ್ ಎಂದು ಪರಿಚಿತವಾದ ಕಾಂತೀಯ ಸಂವೇದಕಗಳನ್ನು ಬಳಸಬಹುದಾಗಿದೆ.

ಇವುಗಳಲ್ಲಿ ಸರಳವಾದುದು ರೀಡ್ ಸ್ವಿಚ್. ಗಾಳಿಯ ಒತ್ತಡದ ಸಿಲಿಂಡರಿನ ಪಿಸ್ಟನ್‌ನಲ್ಲಿ ಆಯಸ್ಕಾಂತದ ಉಂಗುರವಿದ್ದರೆ, ಅದು ಸಮೀಪಿಸಿದೊಡನೆ ಹೊರಗಿನ ಸ್ವಿಚ್ಚು ಕೂಡಿಕೊಂಡು ಸಂಕೇತ ನೀಡುತ್ತದೆ.

ಎರಡನೆಯದು ಹಾಲ್ ಸಂವೇದಕ. ವಿದ್ಯುತ್ ಹರಿಯುವ ತೆಳುವಾದ ಪಟ್ಟಿಯನ್ನು ಕಾಂತಕ್ಷೇತ್ರದಲ್ಲಿಟ್ಟಾಗ ಅದರ ಅಡ್ಡಲಾಗಿ ಅಲ್ಪ ವೋಲ್ಟೇಜು ಉಂಟಾಗುವುದನ್ನು ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡರು. ಉಕ್ಕಿನ ಹಲ್ಲುಚಕ್ರದ ಎದುರು, ಹಿಂಬದಿಯಲ್ಲಿ ಆಯಸ್ಕಾಂತವುಳ್ಳ ಈ ಸಂವೇದಕವನ್ನಿಟ್ಟರೆ, ಪ್ರತಿ ಹಲ್ಲು ಹಾದುಹೋದಾಗ ಒಂದು ಮಿಡಿತ ದೊರೆಯುತ್ತದೆ. ಚಕ್ರಕ್ಕೆ 60 ಹಲ್ಲುಗಳಿದ್ದರೆ ಲೆಕ್ಕ ಬಲು ಸುಲಭ: ಸೆಕೆಂಡಿಗೆ 1,500 ಮಿಡಿತವೆಂದರೆ ನಿಮಿಷಕ್ಕೆ 1,500 ಸುತ್ತು.

ಮೂರನೆಯದು ಕಾಂತೀಯ ಸ್ಕೇಲು. ಉತ್ತರ ಹಾಗೂ ದಕ್ಷಿಣ ಧ್ರುವಗಳು ಒಂದರ ಪಕ್ಕದಲ್ಲೊಂದು ಅಚ್ಚಾಗಿರುವ ಪಟ್ಟಿಯ ಮೇಲೆ ಓದುವ ಹೆಡ್ ಚಲಿಸಿ, ಸ್ಲೈಡಿನ ಸ್ಥಾನವನ್ನು ಅಂಕಿಗಳಲ್ಲಿ ತೋರಿಸುತ್ತದೆ. ಸ್ಲೈಡಿನ ಚಲನೆಯನ್ನೇ ನೇರವಾಗಿ ಅಳೆಯುವುದರಿಂದ ಹಳೆಯ ಲೇತಿನ ಸ್ಕ್ರೂ ಸವೆದಿದ್ದರೂ ಅದರ ಸಡಿಲ ಅಳತೆಯಲ್ಲಿ ಸೇರುವುದಿಲ್ಲ. ಗಾಜಿನ ಸ್ಕೇಲಿಗೆ ತೊಂದರೆ ಕೊಡುವ ಎಣ್ಣೆ, ಕೂಲೆಂಟ್ ಮತ್ತು ಧೂಳನ್ನೂ ಇದು ತಾಳಿಕೊಳ್ಳುತ್ತದೆ.

ಆದರೆ ಇದರ ಮಿತಿಯನ್ನೂ ಅರಿತಿರಬೇಕು. ಕಬ್ಬಿಣದ ಚೂರುಗಳು ಪಟ್ಟಿಗೆ ಅಂಟಿಕೊಳ್ಳುವುದರಿಂದ ಆಗಾಗ ಒರೆಸುವುದು ಅಗತ್ಯ. ಡಯಲ್ ಗೇಜಿನ ಮ್ಯಾಗ್ನೆಟಿಕ್ ಸ್ಟ್ಯಾಂಡನ್ನು ಪಟ್ಟಿಯ ಮೇಲಿಟ್ಟರೆ ಧ್ರುವಗಳ ಗುರುತು ಕೆಡಬಹುದು. ವೆಲ್ಡಿಂಗ್ ಕೇಬಲ್ಲುಗಳನ್ನು ದೂರವಿಡಬೇಕು. ಸಂವೇದಕ ಮತ್ತು ಚಲಿಸುವ ಭಾಗದ ನಡುವಿನ ಅಂತರ ತಯಾರಕರು ಸೂಚಿಸಿದಷ್ಟೇ ಇರಬೇಕು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಲೋಕಾರ್ಪಣೆಗೊಂಡಿತು. ವಿಮಾನೋದ್ಯಮಕ್ಕೆ ಬಿಡಿಭಾಗ ಪೂರೈಸಬಯಸುವವರು ನಕ್ಷೆಯಲ್ಲಿ ಕೇಳಿರುವ ನಿಖರತೆಯನ್ನು ಮೊದಲು ನೋಡಬೇಕು. ಕೆಲವೇ ಮೈಕ್ರಾನ್‌ಗಳ ಕೆಲಸಕ್ಕೆ ಉತ್ತಮ ದರ್ಜೆಯ ಗಾಜಿನ ಸ್ಕೇಲು ಹಾಗೂ ಪ್ರತ್ಯೇಕ ತಪಾಸಣೆ ಬೇಕಾಗಬಹುದು. ಎಲಿವೇಟರು ನಿಂತಿತೇ ಎಂದಷ್ಟೇ ತಿಳಿಯಬೇಕಾದಲ್ಲಿ ಒಂದು ಹಾಲ್ ಸಂವೇದಕವೇ ಸಾಕು. ಅಗತ್ಯವನ್ನು ನಿರ್ಧರಿಸಿಕೊಂಡ ನಂತರವೇ ಖರೀದಿಗೆ ತೊಡಗುವುದು ಲಾಭದಾಯಕ.