ಕಣ್ಣು ಮುಚ್ಚಿದೆ, ಕಿವಿ ತೆರೆದಿದೆ

ಮಳೆಗಾಲದ ಬೆಳಗಿನ ಜಾವ ತಾಲ್ಲೂಕು ಆಸ್ಪತ್ರೆಯ ಕ್ಯಾಶುವಲ್ಟಿಗೆ ಹೊಟ್ಟೆನೋವು ಎಂದು ಬರುವವರಲ್ಲಿ ಹೆಚ್ಚಿನವರಿಗೆ ನಿಜಕ್ಕೂ ಹೊಟ್ಟೆನೋವೇ ಇರುತ್ತದೆ. ರಾತ್ರಿಯ ಊಟ ಹೆಚ್ಚಾಗಿರುತ್ತದೆ, ಇಲ್ಲವೇ ಹಳೆಯ ಗ್ಯಾಸ್ಟ್ರಿಕ್ ಮತ್ತೆ ಕೆರಳಿರುತ್ತದೆ. ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಬೆಳಕು ಹರಿಯುವಷ್ಟರಲ್ಲಿ ಮನೆ ಸೇರುತ್ತಾರೆ. ಅಪರೂಪಕ್ಕೊಬ್ಬ ಮಾತ್ರ ಹೊಟ್ಟೆ ಹಿಡಿದುಕೊಂಡು ಬಂದವನು ಅರ್ಧ ಗಂಟೆಯಲ್ಲಿ ನಿದ್ದೆಗಣ್ಣಿನಂತೆ ರೆಪ್ಪೆ ಇಳಿಬಿಡುತ್ತಾನೆ. ರಾತ್ರಿಯೆಲ್ಲ ನಿದ್ದೆಯಿಲ್ಲದ್ದಕ್ಕೆ ಹೀಗಾಗಿದೆ ಎಂದು ಜೊತೆಗೆ ಬಂದವರು ಸಮಾಧಾನ ಹೇಳುತ್ತಾರೆ. ಅನುಭವಿ ಡಾಕ್ಟರು ಆಗ ಹೊಟ್ಟೆ ಒತ್ತಿ ನೋಡುವುದನ್ನು ಬಿಟ್ಟು, "ಯಜಮಾನ್ರೇ, ತಲೆ ಅಲ್ಲಾಡಿಸದೆ ಸ್ವಲ್ಪ ಸೂರು ನೋಡಿ" ಎನ್ನುತ್ತಾರೆ. ರೆಪ್ಪೆ ಏಳುವುದಿಲ್ಲ. ಮುಂದಿನ ಪ್ರಶ್ನೆ ಹೊಟ್ಟೆಗೆ ಸಂಬಂಧವೇ ಇಲ್ಲದ್ದು: "ರಾತ್ರಿ ಎಲ್ಲಿ ಮಲಗಿದ್ರಿ?"

ನೆಲದ ಮೇಲೆ, ಚಾಪೆ ಹಾಸಿಕೊಂಡು. ಈ ಉತ್ತರ ಬಂದರೆ ಮೊದಲು ಅನುಮಾನಿಸಬೇಕಾದದ್ದು ಕಟ್ಟುಹಾವನ್ನು. ಕೆಲವೆಡೆ ಕಡಂಬಳ ಎಂದೂ ಕರೆಯುವ ಈ ಹಾವು ಹಗಲು ಕಣ್ಣಿಗೆ ಬೀಳುವುದು ಕಡಿಮೆ. ರಾತ್ರಿ ಇಲಿ, ಹಲ್ಲಿ, ಇತರ ಹಾವುಗಳನ್ನು ಹುಡುಕುತ್ತ ಮನೆಯೊಳಗೆ ಬರುತ್ತದೆ. ಮಲಗಿದವರು ಮಗ್ಗುಲು ಬದಲಿಸುವಾಗ ಮೈಗೆ ತಗುಲಿ ಕಚ್ಚುತ್ತದೆ. ಹಲ್ಲು ಸಣ್ಣದು. ನೋವು ಸೊಳ್ಳೆಯೋ ಇರುವೆಯೋ ಕಚ್ಚಿದಷ್ಟು, ಎಷ್ಟೋ ಸಲ ಅದೂ ಇಲ್ಲ. ಊತವಿಲ್ಲ, ರಕ್ತವಿಲ್ಲ, ಗಾಯದ ಗುರುತೂ ಸಿಗದಿರಬಹುದು. ಕಚ್ಚಿದ್ದೇ ಗೊತ್ತಿಲ್ಲದವನು ಹಾವು ಕಚ್ಚಿತೆಂದು ಹೇಗೆ ಹೇಳಿಯಾನು? ಹಾಗಾಗಿ ಅವನು ಹೇಳುವುದು ಹೊಟ್ಟೆನೋವು ಎಂದು.

ಶ್ರೀಲಂಕಾದ ಅನುರಾಧಪುರದಲ್ಲಿ 1990ರ ದಶಕದಲ್ಲಿ ಕಟ್ಟುಹಾವು ಕಚ್ಚಿದ 210 ಮಂದಿಯನ್ನು ವೈದ್ಯರು ಒಬ್ಬೊಬ್ಬರಾಗಿ ಗಮನಿಸಿ ದಾಖಲಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಉಸಿರಾಟವೇ ನಿಂತು ವೆಂಟಿಲೇಟರ್ ಬೇಕಾಯಿತು. ಸತ್ತವರು 16 ಮಂದಿ. ಇದನ್ನು ತಿರುಗಿಸಿ ಓದಿದರೆ, ಯಂತ್ರವೊಂದು ಅವರ ಪರವಾಗಿ ಉಸಿರಾಡುತ್ತಿದ್ದರೆ ಬಹುಪಾಲು ಜನ ಬದುಕಿಕೊಳ್ಳುತ್ತಾರೆ ಎಂದಾಯಿತು.

ಆದರೆ ಆ ಯಂತ್ರದ ಮೇಲೆ ಮಲಗಿದವರು ಹೇಗೆ ಕಾಣುತ್ತಾರೆ ಎಂಬಲ್ಲಿಯೇ ತುರ್ತು ವೈದ್ಯದ ಅತ್ಯಂತ ವಿಚಿತ್ರ ಪ್ರಕರಣಗಳು ಇರುವುದು. ವಿಷ ಪೂರ್ತಿ ಏರಿದ ಮೇಲೆ ಕೈಕಾಲು ಅಲುಗುವುದಿಲ್ಲ. ಚಿವುಟಿದರೆ ಸ್ಪಂದನೆಯಿಲ್ಲ. ಗಂಟಲಿಗೆ ನಳಿಕೆ ತಾಕಿಸಿದರೆ ಓಕರಿಕೆಯಿಲ್ಲ, ಕೆಮ್ಮಿಲ್ಲ. ರೆಪ್ಪೆ ಬಿಡಿಸಿ ಟಾರ್ಚು ಬಿಟ್ಟರೆ ಪಾಪೆ ಅರಳಿಕೊಂಡೇ ಇರುತ್ತದೆ, ಕಿರಿದಾಗುವುದಿಲ್ಲ. ಪುಸ್ತಕದಲ್ಲಿ ಮಿದುಳಿನ ಸಾವಿಗೆ ಹೇಳಿರುವ ಲಕ್ಷಣಗಳೆಲ್ಲ ಮುಂದೆಯೇ ಇವೆ. ಭಾರತದ ಆಸ್ಪತ್ರೆಗಳಿಂದ ಬಂದ ಹಲವು ಪ್ರಕರಣ ವರದಿಗಳಲ್ಲಿ ಕತೆ ಇಲ್ಲಿಯವರೆಗೆ ಒಂದೇ. ಮುಂದೆ ಅದು ಬೇರೆಯಾಗುತ್ತದೆ. ಕೆಲವು ದಿನ ಕಳೆದ ಮೇಲೆ "ಸತ್ತ" ರೋಗಿಯ ಬೆರಳು ಅಲುಗುತ್ತದೆ, ಅವನು ಎದ್ದು ಕೂರುತ್ತಾನೆ, ನಡೆದುಕೊಂಡು ಮನೆಗೆ ಹೋಗುತ್ತಾನೆ.

ಮಿದುಳಿಗೆ ಏನೂ ಆಗಿರಲಿಲ್ಲ. ನಮ್ಮ ನರದ ತುದಿಯಿಂದ ಸ್ನಾಯುವಿಗೆ ಆಜ್ಞೆ ಹೋಗುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ನರ ಅದನ್ನು ಬಿಡುತ್ತದೆ, ಸ್ನಾಯು ಹಿಡಿಯುತ್ತದೆ. ನಾಗರಹಾವಿನ ವಿಷ ಸ್ನಾಯುವಿನ ಬದಿಯಲ್ಲಿ ಕುಳಿತು ದಾರಿ ಮುಚ್ಚುತ್ತದೆ, ಗದ್ದೆಯ ತೂಬಿಗೆ ಮಣ್ಣು ತುರುಕಿದ ಹಾಗೆ. ಕಟ್ಟುಹಾವಿನ ವಿಷದಲ್ಲಿರುವ ಬೀಟಾ-ಬಂಗಾರೊಟಾಕ್ಸಿನ್ ನರದ ತುದಿಯನ್ನೇ ಹಾಳುಗೆಡವುತ್ತದೆ. ತೂಬಿನ ಮಣ್ಣು ಕೆದರಿದರೆ ನೀರು ಹರಿದೀತು. ಒಡೆದ ಕಾಲುವೆಯನ್ನು ಮತ್ತೆ ಕಟ್ಟಲು ದಿನಗಳೇ ಬೇಕು, ಕೆಲವೊಮ್ಮೆ ವಾರಗಳು. ಪ್ರತಿವಿಷ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಕಟ್ಟಿಹಾಕಬಲ್ಲದು, ಹಾಳಾದ ನರದ ತುದಿಯನ್ನು ರಿಪೇರಿ ಮಾಡಲಾರದು. ಆ ಕೆಲಸ ದೇಹವೇ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಉಸಿರು ಒದಗಿಸುವುದು ನಮ್ಮ ಕೆಲಸ.

ಈ ವಿಷ ಮಿದುಳಿಗೆ ಇಳಿಯುವುದಿಲ್ಲ ಎಂಬುದರ ಅರ್ಥವನ್ನು ಸ್ವಲ್ಪ ನಿಂತು ಯೋಚಿಸಬೇಕು. ಮಂಚದ ಮೇಲೆ ಕೊರಡಿನಂತೆ ಬಿದ್ದವನಿಗೆ ಎಚ್ಚರವಿದೆ. ಚುಚ್ಚಿದ ಸೂಜಿ ನೋಯುತ್ತದೆ. ರೌಂಡ್ಸಿಗೆ ಬಂದವರು ಕಾಲುಗಡೆ ನಿಂತು ಆಡುವ ಮಾತು ಕೇಳಿಸುತ್ತದೆ. "ಏನೂ ಉಳಿದಿಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದು ಮನೆಯವರಿಗೆ ಹೇಳುವುದೂ ಕೇಳಿಸುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಭಯಂಕರವೆನಿಸುವುದು ಹಾವಲ್ಲ, ಈ ಕೊನೆಯ ಮಾತು. ವೆಂಟಿಲೇಟರ್ ಖರ್ಚಿಗೆ ಕಂಗಾಲಾದ ಮನೆಯವರು ಆ ಮಾತನ್ನು ನಂಬಿ ನಳಿಕೆ ತೆಗೆಸಿ ಊರಿಗೆ ಹೊತ್ತೊಯ್ದರೆ, ಆ ಸಾವು ಯಾವ ಲೆಕ್ಕಕ್ಕೆ? ಮಿದುಳಿನ ಸಾವು ಘೋಷಿಸುವ ಮುನ್ನ ವಿಷ, ಔಷಧ, ಅತಿಯಾದ ಮೈತಂಪು ಇವ್ಯಾವುದೂ ಕಾರಣವಲ್ಲ ಎಂದು ಖಚಿತಪಡಿಸಿಕೊಳ್ಳಬೇಕೆಂಬ ನಿಯಮವಿದೆ. ಹಾವು ಕಚ್ಚಿದ್ದು ಯಾರಿಗೂ ಗೊತ್ತೇ ಇಲ್ಲದಿದ್ದಾಗ ಆ ನಿಯಮ ಎಷ್ಟು ಕಾಯುತ್ತದೆ ಎಂಬುದು, ಮತ್ತೆ, "ರಾತ್ರಿ ಎಲ್ಲಿ ಮಲಗಿದ್ರಿ" ಎಂದು ಕೇಳುವವರು ಇದ್ದರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಒಳಗೆ ಎಚ್ಚರವಿರುತ್ತದೆ ಎಂಬುದಕ್ಕೆ ಮರೆಯಲಾಗದ ಸಾಕ್ಷಿ ನುಡಿದವರು ಒಬ್ಬ ಹಾವು ತಜ್ಞರೇ. ಅಮೆರಿಕದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಜೋ ಸ್ಲೊವಿನ್ಸ್ಕಿ 2001ರ ಸೆಪ್ಟೆಂಬರಿನಲ್ಲಿ ಉತ್ತರ ಮ್ಯಾನ್ಮಾರಿನ ಕಾಡುಗಳಲ್ಲಿ ತಂಡ ಕಟ್ಟಿಕೊಂಡು ಹಾವು ಹುಡುಕುತ್ತಿದ್ದರು. ಸೆಪ್ಟೆಂಬರ್ 11ರ ಬೆಳಿಗ್ಗೆ ಸಹಾಯಕರೊಬ್ಬರು ಹಾವಿನ ಚೀಲ ಮುಂದಿಟ್ಟರು. ಒಳಗಿರುವುದು ವಿಷವಿಲ್ಲದ ಪಟ್ಟೆಹಾವು ಎಂಬ ನಂಬಿಕೆಯಲ್ಲಿ ಸ್ಲೊವಿನ್ಸ್ಕಿ ಕೈ ಹಾಕಿದರು. ಬೆರಳಿಗೆ ಕಚ್ಚಿದ್ದು ಕಟ್ಟುಹಾವಿನ ಜಾತಿಯ ಪುಟ್ಟ ಮರಿ. (ನಮ್ಮಲ್ಲೂ ತೋಳಹಾವನ್ನು ಕಟ್ಟುಹಾವೆಂದು ಹೊಡೆದು ಕೊಲ್ಲುವವರು, ಕಟ್ಟುಹಾವನ್ನು ತೋಳಹಾವೆಂದು ಕೈಯಲ್ಲಿ ಹಿಡಿಯುವವರು ಇಬ್ಬರೂ ಇದ್ದಾರೆ. ಎರಡಕ್ಕೂ ಮೈಮೇಲೆ ಬಿಳಿ ಪಟ್ಟೆ.) ಮುಂದೆ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಇರಲಿಲ್ಲ. ಮೈ ಯಾವ ಕ್ರಮದಲ್ಲಿ ಸೋಲುತ್ತದೆ, ಉಸಿರು ನಿಂತಾಗ ಏನು ಮಾಡಬೇಕು ಎಂದು ತಂಡಕ್ಕೆ ಮೊದಲೇ ವಿವರಿಸಿದರು. ಮಾತು ನಿಂತ ಮೇಲೆ ಬರೆದು ತೋರಿಸಿದರು. ಬರೆಯಲಾಗದಾದಾಗ ಕಾಲ್ಬೆರಳು ಅಲುಗಿಸಿ ಉತ್ತರ ಕೊಟ್ಟರು. ಸಂಗಡಿಗರು ಸರದಿಯ ಮೇಲೆ ರಾತ್ರಿಯಿಡೀ ಬಾಯಿಗೆ ಬಾಯಿಟ್ಟು ಉಸಿರು ಊದಿದರು. ಹವಾಮಾನ ಕೆಟ್ಟು ಹೆಲಿಕಾಪ್ಟರ್ ಇಳಿಯಲಾಗಲಿಲ್ಲ. ಅತ್ತ ನ್ಯೂಯಾರ್ಕಿನ ಗೋಪುರಗಳು ಕುಸಿದ ದಿನವೂ ಅದೇ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವರ ಹೃದಯ ನಿಂತಿತು. ವಯಸ್ಸು 38. ಕೈಯಿಂದ ಒತ್ತುವ ಒಂದು ಅಂಬು ಬ್ಯಾಗ್, ಗಂಟಲಿಗೊಂದು ನಳಿಕೆ ಆ ಕಾಡಿನಲ್ಲಿ ಇದ್ದಿದ್ದರೆ ಎಂದು ಈ ಕತೆ ಓದಿದ ಪ್ರತಿ ವೈದ್ಯರಿಗೂ ಅನ್ನಿಸಿರಬೇಕು.

ಒಬ್ಬರಿಗಂತೂ ಅನ್ನಿಸಿತು. ಅದೇ ಅಕಾಡೆಮಿಯ ಯಾತ್ರೆಗಳ ಆರೋಗ್ಯ ನೋಡಿಕೊಳ್ಳುತ್ತಿದ್ದ ತುರ್ತು ವೈದ್ಯ ಮ್ಯಾಥ್ಯೂ ಲೆವಿನ್, ಸೂಜಿ ಚುಚ್ಚಲು ಬಾರದವರೂ ಕಾಡಿನಲ್ಲಿ ಕೊಡಬಹುದಾದ ಮದ್ದಿನ ಹಿಂದೆ ಬಿದ್ದರು. ಮೊದಲ ಪ್ರಯತ್ನ ನಿಯೊಸ್ಟಿಗ್ಮಿನ್. ಆಸ್ಪತ್ರೆಗಳಲ್ಲಿ ಹಾವು ಕಡಿತಕ್ಕೆ ಇಂಜೆಕ್ಷನ್ ರೂಪದಲ್ಲಿ ಕೊಡುತ್ತ ಬಂದ ಹಳೆಯ ಔಷಧವೇ ಅದು. ಲೆವಿನ್ ತಂಡ ಅದನ್ನು ಮೂಗಿಗೆ ಸಿಂಪಡಿಸಿ ನೋಡಿತು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರೋಗ್ಯವಂತ ಸ್ವಯಂಸೇವಕರೊಬ್ಬರನ್ನು, ಎಚ್ಚರ ತಪ್ಪಿಸದೆ, ಅರಿವಳಿಕೆಯವರು ಬಳಸುವ ಔಷಧದಿಂದ ನಿಶ್ಚಲಗೊಳಿಸಿ, ಮೂಗಿಗೆ ಸ್ಪ್ರೇ ಹೊಡೆದು ಚಲನೆ ಮರಳಿಸಿದರು. ಹಾವಿನ ವಿಷವಿಲ್ಲದೆ ಹಾವು ಕಡಿತದ ಅನುಭವ! ಕೇಳಲು ರೋಚಕ. ಆದರೆ ನಿಯೊಸ್ಟಿಗ್ಮಿನ್ ಕೆಲಸ ಮಾಡುವುದು ತೂಬು ಮುಚ್ಚಿದಲ್ಲಿ, ಎಂದರೆ ನಾಗರಹಾವಿನ ಬಗೆಯ ವಿಷಕ್ಕೆ. ಒಡೆದ ಕಾಲುವೆಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ಎರಡನೆಯ ಮದ್ದು ಬಂದದ್ದು ಹೃದಯ ವಿಭಾಗದ ಕಸದಬುಟ್ಟಿಯಿಂದ ಎನ್ನಬಹುದು. ವರೆಸ್ಪ್ಲಾಡಿಬ್ ಎಂಬ ಮಾತ್ರೆಯನ್ನು ಹೃದಯಾಘಾತವಾದವರಲ್ಲಿ ಪರೀಕ್ಷಿಸುತ್ತಿದ್ದರು. ಲಾಭ ಕಾಣದೆ ಆ ಅಧ್ಯಯನ 2012ರಲ್ಲಿ ಅರ್ಧಕ್ಕೇ ನಿಂತಿತು. ಅದು ತಡೆಯುವುದು ಫಾಸ್ಫೊಲಿಪೇಸ್ ಎ2 ಎಂಬ ಕಿಣ್ವವನ್ನು. ಅನೇಕ ಹಾವುಗಳ ವಿಷದಲ್ಲಿ, ಕಟ್ಟುಹಾವಿನ ಆ ಕುಖ್ಯಾತ ಟಾಕ್ಸಿನ್ನಿನಲ್ಲೂ, ಇರುವುದು ಇದೇ ಕುಲದ ಕಿಣ್ವ. ಪ್ರಯೋಗಾಲಯದಲ್ಲಿ ಫಲ ಚೆನ್ನಾಗಿತ್ತು. ಭಾರತ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ನಿಜವಾದ ರೋಗಿಗಳ ಮೇಲೆ ಪ್ರಯೋಗ ನಡೆಯಿತು. 2024ರಲ್ಲಿ ಫಲಿತಾಂಶ ಬಂತು: ಒಟ್ಟಾರೆ ನೋಡಿದರೆ ಮಾತ್ರೆ ತಿಂದವರಿಗೂ ತಿನ್ನದವರಿಗೂ ಖಚಿತ ವ್ಯತ್ಯಾಸವಿಲ್ಲ. ಕಚ್ಚಿದ ಕೆಲವೇ ಗಂಟೆಗಳಲ್ಲಿ ತಿಂದವರಲ್ಲಿ ಒಳಿತಿನ ಸುಳಿವಿದೆ. ಎರಡನೆಯ ವಾಕ್ಯವನ್ನಷ್ಟೇ ತಲೆಬರಹ ಮಾಡುವ ಆಸೆ ನಮ್ಮಂಥ ಪತ್ರಿಕೆಯವರಿಗೆ ಸಹಜ. ಮೊದಲನೆಯದನ್ನು ಮೊದಲು ಓದಬೇಕು.

ಸದ್ಯಕ್ಕೆ ಕೈಯಲ್ಲಿರುವ ಅಸ್ತ್ರ ಕುದುರೆಯ ರಕ್ತದಿಂದ ತೆಗೆದ ಪ್ರತಿವಿಷ, ವಾರ್ಡಿನ ಭಾಷೆಯಲ್ಲಿ ಎಎಸ್‌ವಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಸೀಸೆ. ಕುದುರೆಯ ಪ್ರೋಟೀನು ಮನುಷ್ಯನ ರಕ್ತಕ್ಕೆ ಇಳಿದಾಗ ಮೈ ಸುಮ್ಮನಿರುವುದಿಲ್ಲ. ಗಂಧೆ ಏಳುತ್ತದೆ, ನಡುಕ ಬರುತ್ತದೆ, ಕೆಲವರಿಗೆ ಬಿಪಿ ಕುಸಿದು ಉಸಿರು ಕಟ್ಟುತ್ತದೆ. ಇದನ್ನು ತಡೆಯಲು ಮೊದಲೇ ಅಲರ್ಜಿ ಇಂಜೆಕ್ಷನ್ನು, ಹೈಡ್ರೋಕಾರ್ಟಿಸೋನು ಚುಚ್ಚಿಬಿಡುವುದು ಹಳೆಯ ರೂಢಿ. ಯಾಕೆ ಎಂದು ಕೇಳಿದರೆ, ನಮ್ಮ ಸರ್ ಹಾಗೇ ಮಾಡುತ್ತಿದ್ದರು. ಶ್ರೀಲಂಕಾದ ವೈದ್ಯರು 2005ರಿಂದ 2008ರವರೆಗೆ 1,007 ರೋಗಿಗಳಲ್ಲಿ ಈ ರೂಢಿಯನ್ನು ಚೀಟಿ ಎತ್ತಿ ಪರೀಕ್ಷೆಗೆ ಒಡ್ಡಿದರು. ಒಟ್ಟು ರೋಗಿಗಳಲ್ಲಿ ಶೇ 75 ಮಂದಿಗೆ ಒಂದಲ್ಲ ಒಂದು ಪ್ರತಿಕ್ರಿಯೆ ಬಂತು. ಪ್ರಾಮೆಥಜಿನ್ ಎಂಬ ಅಲರ್ಜಿ ಔಷಧದಿಂದ ಪ್ರಯೋಜನವಿಲ್ಲ. ಹೈಡ್ರೋಕಾರ್ಟಿಸೋನಿನಿಂದಲೂ ಇಲ್ಲ. ಚರ್ಮದಡಿ ಕಾಲು ಎಂ.ಎಲ್. ಅಡ್ರಿನಲಿನ್ ಕೊಟ್ಟವರಲ್ಲಿ ಮಾತ್ರ ಮೊದಲ ಒಂದು ಗಂಟೆಯ ತೀವ್ರ ಪ್ರತಿಕ್ರಿಯೆ ಶೇ 43ರಷ್ಟು ಕಡಿಮೆ. ಇನ್ನೂ ಸ್ವಾರಸ್ಯವೆಂದರೆ, ಅಡ್ರಿನಲಿನ್ ಜೊತೆಗೆ ಹೈಡ್ರೋಕಾರ್ಟಿಸೋನನ್ನೂ ಕೊಟ್ಟರೆ ಅಡ್ರಿನಲಿನ್ನಿನ ಆ ಲಾಭವೂ ಮಾಯ. ಇರಲಿ ಎಂದು ಸೇರಿಸಿದ್ದು ಇದ್ದದ್ದನ್ನೂ ಕೆಡಿಸಿತು.

ಮಂಡಲದ ಹಾವುಗಳದು ಬೇರೆ ಕತೆ. ಅವು ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಸಿದುಕೊಳ್ಳುತ್ತವೆ. ಅದನ್ನು ಕಂಡುಹಿಡಿಯಲು ಒಂದು ಗಾಜಿನ ನಳಿಕೆ ಸಾಕು: ಹೊಸ, ಒಣಗಿದ ನಳಿಕೆಗೆ 2 ಎಂ.ಎಲ್. ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಇಟ್ಟು, ಒಮ್ಮೆ ವಾಲಿಸಿ ನೋಡುವುದು. ರಕ್ತ ನೀರಿನಂತೆ ಹರಿದರೆ ವಿಷ ಏರಿದೆ. ಡೇವಿಡ್ ವಾರೆಲ್ ಮತ್ತು ಸಂಗಡಿಗರು 1977ರಲ್ಲಿ ನೈಜೀರಿಯಾದ ಅನುಭವದಿಂದ ವಿವರಿಸಿದ ಈ ಪರೀಕ್ಷೆಗೆ ಕರೆಂಟೂ ಬೇಡ, ಲ್ಯಾಬೂ ಬೇಡ. ಆದರೂ ಶ್ರೀಲಂಕಾದ ಒಂದು ಅಧ್ಯಯನದಲ್ಲಿ, ವಾರ್ಡಿನ ದಿನನಿತ್ಯದ ಗಡಿಬಿಡಿಯಲ್ಲಿ ಮಾಡಿದಾಗ, ರಕ್ತ ಕೆಟ್ಟಿದ್ದ ನೂರು ಜನರಲ್ಲಿ ನಲವತ್ತು ಮಂದಿಯನ್ನಷ್ಟೇ ಅದು ಹಿಡಿಯಿತು. ಮತ್ತೊಂದರಲ್ಲಿ, ತರಬೇತಿ ಪಡೆದವರು ಕ್ರಮ ತಪ್ಪದೆ ಮಾಡಿದಾಗ, ಎಂಬತ್ತಕ್ಕೂ ಹೆಚ್ಚು ಮಂದಿಯನ್ನು ಹಿಡಿಯಿತು. ನಡುವೆ ಬದಲಾದದ್ದು ಏನು? ಸೋಪುಪುಡಿಯಲ್ಲಿ ತೊಳೆದ ನಳಿಕೆ ಆಗದು, ಪ್ಲಾಸ್ಟಿಕ್ಕಿನದು ಆಗದು, ಹದಿನೈದನೇ ನಿಮಿಷಕ್ಕೆ ಎತ್ತಿ ನೋಡಬಾರದು. ಇಂಥ ಸಣ್ಣಪುಟ್ಟವೇ. ರಾತ್ರಿ ಪಾಳಿಯ ಒಬ್ಬ ಸಿಸ್ಟರ್ ಗಡಿಯಾರ ನೋಡುತ್ತ ಇಪ್ಪತ್ತು ನಿಮಿಷ ಕಾಯುವ ಕೆಲಸಕ್ಕೆ ಯಾವ ಆಸ್ಪತ್ರೆಯ ಬಜೆಟ್ಟಿನಲ್ಲೂ ಹೆಸರಿಲ್ಲ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಎಂದು ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿ ದಾಖಲಿಸಿದ ಅಧ್ಯಯನವೊಂದು ಅಂದಾಜು ಮಾಡಿದೆ. ವರ್ಷಕ್ಕೆ 58,000. ಇವರಲ್ಲಿ ಬಹುಪಾಲು ಆಸ್ಪತ್ರೆಯ ಪುಸ್ತಕಕ್ಕೆ ಸೇರಿದವರಲ್ಲ, ಅದಕ್ಕೇ ಮನೆ ಬಾಗಿಲಿಗೆ ಹೋಗಿ ಕೇಳಬೇಕಾಯಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಹೊಟ್ಟೆನೋವು ಎಂದು ಬಂದು ಹೊಟ್ಟೆನೋವು ಎಂದೇ ಬರೆಸಿಕೊಂಡು ಹೋದವರು ಈ ಲೆಕ್ಕಕ್ಕೂ ಸಿಗುವುದಿಲ್ಲ.

ನೇಪಾಳದ ತಪ್ಪಲಿನಲ್ಲಿ ನಡೆದ ಒಂದು ಅಧ್ಯಯನ ಸೊಳ್ಳೆಪರದೆ ಕಟ್ಟಿ ಮಲಗುವವರಿಗೆ ಹಾವು ಕಚ್ಚುವುದು ಕಡಿಮೆ ಎಂದು ಕಂಡುಕೊಂಡಿತು. ಮಲೇರಿಯಾಕ್ಕೆಂದು ಹಂಚಿದ ಪರದೆ ಕಟ್ಟುಹಾವನ್ನೂ ಹೊರಗಿಡುತ್ತದೆ, ಅಂಚನ್ನು ಚಾಪೆಯಡಿ ಸಿಕ್ಕಿಸಿದರೆ.

ಕಟ್ಟುಹಾವಿನ ರೋಗಿಗಳನ್ನು ನೋಡಿ ಪಳಗಿದ ಐಸಿಯುಗಳಲ್ಲಿ ಒಂದು ಅಭ್ಯಾಸ ಕಾಣಸಿಗುತ್ತದೆ. ಯಾವ ಪ್ರತಿಕ್ರಿಯೆಯೂ ಇಲ್ಲದ ರೋಗಿಯನ್ನು ಮಗ್ಗುಲಿಗೆ ಹೊರಳಿಸುವ ಮುನ್ನ ಹೆಸರು ಹಿಡಿದು ಹೇಳುತ್ತಾರೆ: ಈಗ ಮಗ್ಗುಲು ಬದಲಿಸ್ತೀವಿ. ಸೂಜಿ ಹಾಕುವ ಮುನ್ನ ಹೇಳುತ್ತಾರೆ: ಸ್ವಲ್ಪ ನೋಯುತ್ತೆ. ಇವತ್ತು ಯಾವ ವಾರ, ಮನೆಯಿಂದ ಯಾರು ಬಂದಿದ್ದಾರೆ, ಹೊರಗೆ ಮಳೆ ನಿಂತಿದೆಯೋ ಇಲ್ಲವೋ ಎಂದೂ ಹೇಳುತ್ತಾರೆ. ಆಮೇಲೆ ಹೊದಿಕೆಯ ತುದಿ ಸರಿಸಿ, ಕಾಲುಗಡೆ ಬಗ್ಗಿ, ಕೇಳಿಸಿದ್ದರೆ ಹೆಬ್ಬೆರಳು ಅಲುಗಿಸಪ್ಪ ಎನ್ನುತ್ತಾರೆ. ಏನೂ ಆಗದಿದ್ದರೆ ಕೇಸ್‌ಶೀಟಿನಲ್ಲಿ ಹಾಗೇ ಬರೆದು, ಮರುದಿನ ಅದೇ ಹೊತ್ತಿಗೆ ಬಂದು ಮತ್ತೆ ಕೇಳುತ್ತಾರೆ.